ಅಜ್ಜಿಯ ಸೀರೆಯಿಂದ ಶುರು ಮಾಡಿ

ಮನೆಮಂದಿಯೆಲ್ಲ ಒಟ್ಟಿಗೆ ಫೋಟೋ ತೆಗೆಸೋಣ ಅಂತ ಮಾತು ಬಂದ ಕೂಡಲೇ ಯಾರಾದರೊಬ್ಬರು ಕೇಳೇ ಕೇಳುತ್ತಾರೆ, "ಎಲ್ಲರಿಗೂ ಒಂದೇ ಬಣ್ಣದ್ದು ತಂದುಬಿಡೋಣ್ವಾ?" ದಯವಿಟ್ಟು ಬೇಡ. ನಾನು ಒಮ್ಮೆ ಹಾಗೆ ಮಾಡಿದ್ದೇನೆ. ನಮ್ಮ ಅತ್ತೆ ಮಾವನವರ ಮದುವೆಗೆ 50 ವರ್ಷ ತುಂಬಿದಾಗ ಮನೆಯಲ್ಲಿ 14 ಜನ ಸೇರಿದ್ದೆವು. ರಾಣಿ ಪಿಂಕ್ ಬಣ್ಣದ ಬಟ್ಟೆ ಇಡೀ ತಾನು ತಂದು ಗಂಡಸರಿಗೆ ಜುಬ್ಬಾ, ಹುಡುಗಿಯರಿಗೆ ಲಂಗ ಹೊಲಿಸಿದೆವು. ಹೆಂಗಸರಿಗೆ ಅದೇ ಬಣ್ಣದ ಸೀರೆ ಬಂತು.

ಫೋಟೋ ಕೈಗೆ ಬಂದಾಗ ಒಬ್ಬರ ತೋಳು ಎಲ್ಲಿ ಮುಗಿದು ಪಕ್ಕದವರ ಹೆಗಲು ಎಲ್ಲಿ ಶುರುವಾಗಿದೆ ಅಂತಲೇ ತಿಳಿಯುತ್ತಿರಲಿಲ್ಲ. ಅಷ್ಟು ಗಾಢ ಬಣ್ಣ ಬೆಳಕಿಗೆ ಪ್ರತಿಫಲಿಸಿ ಎಲ್ಲರ ಗದ್ದ, ಕೆನ್ನೆಗೆ ಕೆಂಪು ಛಾಯೆ ಬಳಿದಿತ್ತು. ಅತ್ತೆ ಜೀವಮಾನದಲ್ಲಿ ಆ ಬಣ್ಣ ಉಟ್ಟವರಲ್ಲ. ನಟ್ಟನಡುವೆ ಕೂತ ಅವರೇ ನೆಂಟರ ಹಾಗೆ ಕಾಣುತ್ತಿದ್ದರು. ಈಗ ಅವರಿಲ್ಲ. ಅವರ ನೆನಪಿಗೆ ಅದೊಂದೇ ಫೋಟೋ ಉಳಿದಿದ್ದರೆ ನನಗೆ ಬಹಳ ಸಂಕಟ ಆಗುತ್ತಿತ್ತು. ಪುಣ್ಯಕ್ಕೆ ಮೂರು ವರ್ಷದ ಮೇಲೆ ಇನ್ನೊಂದು ತೆಗೆಸಿದೆವು. ಆಗ ತಿಳಿದದ್ದನ್ನೇ ಇಲ್ಲಿ ಹೇಳುತ್ತೇನೆ.

ಅಂಗಡಿಗೆ ಹೋಗುವ ಮೊದಲು ಮನೆಯ ಹಿರಿಯ ಹೆಂಗಸಿನ ಬೀರು ತೆಗೆಸಿ. "ನಿಮಗೆ ಯಾವುದು ಉಡೋಕೆ ಇಷ್ಟ?" ಅಂತ ಕೇಳಿ. ಅವರು ಕೈ ಹಾಕಿ ತೆಗೆಯುವ ಸೀರೆಯೇ ನಿಮ್ಮ ಫೋಟೋದ ಬುನಾದಿ. ಎಂಬತ್ತರ ಹತ್ತಿರ ಬಂದವರಿಗೆ ಹೊಸ ಸೀರೆ ಮೈಗೆ ಹತ್ತುವುದಿಲ್ಲ, ನೆರಿಗೆ ನಿಲ್ಲುವುದಿಲ್ಲ, ಸೆರಗು ಜಾರುತ್ತದೆ ಅಂತ ಅದರ ಕಡೆಗೇ ಗಮನ. ರೂಢಿಯಾದ ಸೀರೆ ಉಟ್ಟರೆ ಅವರು ಕೂರುವ ರೀತಿಯೇ ಬೇರೆ. ಉಳಿದವರು ನಾವು ಹೇಗಾದರೂ ಹೊಂದಿಕೊಳ್ಳಬಹುದು. ಅವರಿಗೆ ಆ ಕಷ್ಟ ಯಾಕೆ?

ಅತ್ತೆ ತೆಗೆದದ್ದು ಇಳಕಲ್ಲ ಸೀರೆ. ಬೆಳಗ್ಗೆ ಹತ್ತು ಗಂಟೆಗೆ ಕಿಟಕಿ ಪಕ್ಕದ ಮಂಚದ ಮೇಲೆ ಅದನ್ನು ಪೂರ್ತಿ ಬಿಚ್ಚಿ ಹರವಿದೆ. ಸುಮ್ಮನೆ ನೋಡಿದರೆ ಹಸಿರು ಸೀರೆ, ಕೆಂಪು ಸೆರಗು ಅಷ್ಟೇ. ಹತ್ತಿರ ಬಾಗಿ ನೋಡಿದೆ. ಮೈ ನವಿಲುಗರಿಯ ಹಸಿರು. ದಡಿಯಲ್ಲಿ ದಾಳಿಂಬೆ ಕೆಂಪು, ಆ ಕೆಂಪಿನ ಮಧ್ಯೆ ಅರಿಸಿನದ ಬಣ್ಣದ ಸಣ್ಣ ಎಳೆ. ಸೆರಗಿನಲ್ಲಿ ಕೆಂಪಿನ ಮೇಲೆ ಹಾಲುಬಿಳಿಯ ತೋಪ ತೆನಿ ಅನ್ನುವ ಚಿತ್ತಾರ. ಒಂದು ಸೀರೆಯಲ್ಲಿ ನಾಲ್ಕು ಬಣ್ಣ ಸಿಕ್ಕವು. ನೇಕಾರರು ಎಷ್ಟೋ ತಲೆಮಾರಿನಿಂದ ಹೊಂದಿಸಿಟ್ಟ ಬಣ್ಣಗಳು ಅವು. ಅವನ್ನೇ ಮನೆಮಂದಿಗೆ ಹಂಚಿದರೆ ಆಯಿತು. ನಮ್ಮ ಸ್ವಂತ ಬುದ್ಧಿ ಜಾಸ್ತಿ ಓಡಿಸಬೇಕಾಗಿಲ್ಲ.

ಮಾವನವರಿಗೆ ಬಿಳಿ ಪಂಚೆ, ಕೆನೆ ಬಣ್ಣದ ಜುಬ್ಬಾ, ಹೆಗಲ ಮೇಲೆ ಕೆಂಪು ಅಂಚಿನ ಶಲ್ಯ. ನಾನು ದಾಳಿಂಬೆ ಕೆಂಪಿನ ಹತ್ತಿ ಸೀರೆ ಉಟ್ಟೆ. ಸೊಸೆ ತಿಳಿ ಅರಿಸಿನ ಬಣ್ಣದ ಚೂಡಿದಾರ ಹಾಕಿದಳು. ಅವಳಿಗೆ ಸೀರೆ ಉಡಲೇಬೇಕು ಅಂತ ಯಾರೂ ಒತ್ತಾಯ ಮಾಡಲಿಲ್ಲ, ಕೈಯಲ್ಲಿ ಹಾಲು ಕುಡಿಯುವ ಕೂಸಿತ್ತು. ಮೊಮ್ಮಗಳಿಗೆ ಗುಳೇದಗುಡ್ಡದ ಖಣದ ಲಂಗ, ಅದೂ ಹಸಿರು. ಗಂಡುಮಕ್ಕಳಲ್ಲಿ ಒಬ್ಬನಿಗೆ ಹಾಲುಬಿಳಿ, ಇನ್ನೊಬ್ಬನಿಗೆ ಕಡು ಹಸಿರು ಶರ್ಟು. ಹೊಸದಾಗಿ ಕೊಂಡದ್ದು ಎರಡೇ ಎರಡು ಬಟ್ಟೆ. ಉಳಿದದ್ದೆಲ್ಲ ಮನೆಯಲ್ಲೇ ಇತ್ತು.

ಹಂಚುವಾಗ ಒಂದು ಲೆಕ್ಕ ಇಟ್ಟುಕೊಳ್ಳಿ. ಹತ್ತು ಜನರಿದ್ದರೆ ಕಡು ಬಣ್ಣ ಮೂವರಿಗೋ ನಾಲ್ವರಿಗೋ ಸಾಕು, ಉಳಿದವರು ತಿಳಿ ಬಣ್ಣದಲ್ಲಿರಲಿ. ಕಡು ಬಣ್ಣದವರನ್ನೆಲ್ಲ ಒಂದೇ ಕಡೆ ನಿಲ್ಲಿಸಿದರೆ ಫೋಟೋ ಆ ಕಡೆಗೆ ವಾಲಿದ ಹಾಗೆ ಕಾಣುತ್ತದೆ. ಅಲ್ಲೊಬ್ಬರು ಇಲ್ಲೊಬ್ಬರು ಇರಲಿ. ಅಪ್ಪಟ ಬಿಳಿ ಮಾತ್ರ ಬಿಸಿಲಿನಲ್ಲಿ ಕಣ್ಣಿಗೆ ರಾಚುತ್ತದೆ, ನೆರಿಗೆ ಮಡಿಕೆ ಏನೂ ಕಾಣುವುದಿಲ್ಲ. ಅದರ ಬದಲು ಕೆನೆ ಬಣ್ಣ ಒಳ್ಳೆಯದು. ಕಪ್ಪು ಬಟ್ಟೆಯಲ್ಲೂ ಮಡಿಕೆ ಕಾಣದೆ ಒಂದು ಮಸಿ ಗುಡ್ಡೆಯ ಹಾಗೆ ಆಗುತ್ತದೆ. ನಮ್ಮ ಕಡೆ ಸಂಕ್ರಾಂತಿಗೆ ಕಪ್ಪು ಚಂದ್ರಕಾಳಿ ಸೀರೆಯನ್ನು ಪ್ರೀತಿಯಿಂದ ಉಡುತ್ತಾರೆ. ಆದರೆ ಬೇರೆ ಶುಭದ ದಿನ ಕಪ್ಪು ಬೇಡ ಅನ್ನುವ ಮನೆಗಳೂ ಇವೆ. ಮನೆಯ ಹಿರಿಯರು ಬೇಡ ಅಂದರೆ ಕಡು ನೀಲಿಗೋ ಬದನೆಕಾಯಿ ಬಣ್ಣಕ್ಕೋ ಬನ್ನಿ, ವಾದ ಬೇಡ.

ಇಳಕಲ್ಲ ಸೀರೆ ಬಗ್ಗೆ ಇನ್ನೊಂದು ಮಾತು. ಸಾಮಾನ್ಯವಾಗಿ ಅದರ ಮೈಯ ಹಾಸು (ಉದ್ದಕ್ಕೆ ಹೋಗುವ ಎಳೆ) ಹತ್ತಿ, ಸೆರಗಿನ ಹಾಸು ರೇಷ್ಮೆ. ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಅದಕ್ಕೇ ಮೈ ಮಂಕಾಗಿ ತಂಪಾಗಿ ಕಾಣುತ್ತದೆ, ಸೆರಗು ಮಾತ್ರ ಹೊಳೆಯುತ್ತದೆ. ಆದರೆ ನಾವು ಸೆರಗನ್ನು ಎಡ ಹೆಗಲ ಮೇಲಿಂದ ಬೆನ್ನಿಗೆ ಬಿಡುತ್ತೇವೆ. ಎದುರಿನಿಂದ ತೆಗೆದ ಫೋಟೋದಲ್ಲಿ ಸೀರೆಯ ಅತಿ ಚೆಂದದ ಭಾಗವೇ ಕಾಣಿಸುವುದಿಲ್ಲ! ಸೆರಗನ್ನು ಬೆನ್ನ ಮೇಲಿಂದ ತಂದು ಬಲ ಹೆಗಲಿಗೆ ಹೊದೆಸಿ, ತುದಿಯನ್ನು ಮಡಿಲಿಗೆ ಬಿಡಿ. ಅತ್ತೆಗೆ ತಲೆಯ ಮೇಲೆ ಸೆರಗು ಹೊದೆಯುವ ರೂಢಿ ಇತ್ತು. ಫೋಟೋ ತೆಗೆಯುವ ಹುಡುಗ "ತಲೆ ಮೇಲಿಂದ ತೆಗೀರಿ ಅಜ್ಜಿ" ಅಂದ. ನಾನು ಬೇಡ ಅಂದೆ. ಆ ಕೆಂಪು ಸೆರಗಿನ ಚೌಕಟ್ಟಿನೊಳಗೆ ಅವರ ಮುಖ ಎಷ್ಟು ಲಕ್ಷಣವಾಗಿ ಬಂದಿದೆ ಅಂದರೆ, ಈಗ ದೇವರ ಕೋಣೆಯ ಹೊರಗೆ ಹಾಕಿರುವುದು ಅದೇ ಫೋಟೋ.

ನಿಮ್ಮ ಮನೆಯ ಬುನಾದಿ ಮೈಸೂರು ಸಿಲ್ಕ್ ಆಗಿರಬಹುದು. ಮೈಸೂರಿನ ರೇಷ್ಮೆ ಕಾರ್ಖಾನೆ ಶುರುವಾದದ್ದೇ 1912ರಲ್ಲಿ, ಹಾಗಾಗಿ ಅಜ್ಜಿಯ ಮದುವೆಯ ಕಾಲದ ಸೀರೆ ಇನ್ನೂ ಜೋಪಾನವಾಗಿರುವ ಮನೆಗಳು ಬಹಳ. ಮೈಗೆ ಹತ್ತಿಕೊಂಡು ಇಳಿಬೀಳುವ ಸೀರೆ ಅದು, ಕೂತರೂ ನಿಂತರೂ ಚೆಂದ. ಆದರೆ ರೇಷ್ಮೆ, ಜರಿ ಎರಡೂ ಬೆಳಕನ್ನು ತಿರುಗಿ ಎಸೆಯುತ್ತವೆ. ಎದುರಿನಿಂದ ನೇರವಾಗಿ ಫ್ಲ್ಯಾಶ್ ಹಾಕಬೇಡಿ, ಬೆಳಕು ಪಕ್ಕದಿಂದ ಬರಲಿ ಅಂತ ಮೊದಲೇ ಹೇಳಿ. ಒಂದೇ ಸಾಲಿನಲ್ಲಿ ಐದು ಜರಿ ಸೀರೆ ಕೂತರೆ ಜರಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಹಿರಿಯರಿಗೆ ಜರಿ ಇರಲಿ, ಉಳಿದವರು ಹತ್ತಿ ಉಡಿ.

ಒಂಟಿಯಾಗಿರುವ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಇದ್ದರೆ ಅವರನ್ನು ಮರೆಯಬೇಡಿ. "ನನಗ್ಯಾಕೆ ಬಣ್ಣದ ಸೀರೆ" ಅಂತ ಹಿಂದೆ ಸರಿದು ಮಾಸಲು ಸೀರೆಯಲ್ಲಿ ಮೂಲೆಗೆ ನಿಲ್ಲುತ್ತಾರೆ. ಅವರ ಇಷ್ಟ ಏನು ಅಂತ ಒಬ್ಬರೇ ಇದ್ದಾಗ ಕೇಳಿ. ಎಲ್ಲರೆದುರು ಬಲವಂತ ಮಾಡಿದರೆ ಮುದುಡಿಹೋಗುತ್ತಾರೆ. ತಿಳಿ ಬಣ್ಣವೇ ಬೇಕು ಅಂದರೆ ಸಣ್ಣ ಬಣ್ಣದ ಅಂಚಿನ ಕೆನೆ ಸೀರೆ ಕೊಟ್ಟು, ಅಣ್ಣ ತಮ್ಮಂದಿರ ಮಧ್ಯೆ ಕೂರಿಸಿ.

ಗಂಡಸರ ಬಟ್ಟೆಯಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಗೆರೆ. ತೀರ ಸಣ್ಣ ಗೆರೆ, ಸಣ್ಣ ಚೌಕಳಿಯ ಶರ್ಟು ಡಿಜಿಟಲ್ ಫೋಟೋದಲ್ಲಿ ನೀರಿನ ಅಲೆ ಎದ್ದ ಹಾಗೆ ಬರುತ್ತದೆ. ನಮ್ಮ ಮೈದುನನ ಶರ್ಟಿಗೆ ಹಾಗಾಗಿ, ಆ ಫೋಟೋ ನೋಡಿದವರೆಲ್ಲ ಮೊದಲು ಆ ಶರ್ಟನ್ನೇ ನೋಡುತ್ತಾರೆ. ಬರೀ ಬಣ್ಣದ್ದು ಅಥವಾ ದೊಡ್ಡ ಚೌಕಳಿಯದು ಹಾಕಿ. ಎದೆಯ ಮೇಲೆ ಇಂಗ್ಲಿಷ್ ಅಕ್ಷರ ಇರುವ ಟೀ ಶರ್ಟು ಬೇಡ, ಕಣ್ಣು ಓದಲು ಹೋಗುತ್ತದೆ. ತಿಳಿ ಜುಬ್ಬಾದ ಒಳಗೆ ಬಣ್ಣದ ಬನಿಯನ್ ಬೇಡ. ಜೇಬಿನಿಂದ ಮೊಬೈಲು, ಪೆನ್ನು ತೆಗೆಸಿ.

ಕನ್ನಡಕದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಬಿಸಿಲಿಗೆ ಹೋದರೆ ತಾನೇ ಕಪ್ಪಾಗುವ ಕನ್ನಡಕ ಈಗ ಬಹಳ ಹಿರಿಯರ ಹತ್ತಿರ ಇದೆ. ಅಂಗಳದಲ್ಲಿ ಫೋಟೋ ತೆಗೆದರೆ ಕಣ್ಣೇ ಕಾಣುವುದಿಲ್ಲ. ಹಳೆಯ ಮಾಮೂಲಿ ಕನ್ನಡಕ ಇದ್ದರೆ ಅವತ್ತು ಅದನ್ನು ಹಾಕಿಸಿ.

ಮಕ್ಕಳಿಗೆ ಹೊಸ ಬಟ್ಟೆಯಾದರೆ ಒಮ್ಮೆ ಒಗೆದು, ಮುಂಚೆ ಒಂದು ದಿನ ಅರ್ಧ ಗಂಟೆ ಹಾಕಿಸಿ ಆಡಲು ಬಿಡಿ. ಕತ್ತಿನ ಹತ್ತಿರ ಜರಿ ಚುಚ್ಚಿದರೆ ಒಳಗಿನಿಂದ ಮೆತ್ತನೆಯ ಹತ್ತಿ ಬಟ್ಟೆ ಹೊಲಿದುಕೊಡಿ. ಹಾಲು ಕುಡಿಯುವ ಮಗುವಿಗೆ ಎರಡು ಜೊತೆ ಬೇಕೇ ಬೇಕು. ಹದಿನಾಲ್ಕು ಹದಿನೈದರ ಮಕ್ಕಳಿಗೆ "ಈ ನಾಲ್ಕು ಬಣ್ಣದಲ್ಲಿ ನಿನಗೆ ಬೇಕಾದ್ದು ಹಾಕ್ಕೋ" ಅಂದುಬಿಡಿ. ತಾವೇ ಆರಿಸಿದ ಬಟ್ಟೆಯಲ್ಲಿ ಆ ವಯಸ್ಸಿನವರು ನಗುತ್ತಾರೆ, ಇಲ್ಲದಿದ್ದರೆ ಇಲ್ಲ.

ದೂರದ ಊರಿನಿಂದ, ಪರದೇಶದಿಂದ ಬರುವ ಮಕ್ಕಳಿಗೆ ಬಣ್ಣ ತಿಳಿಸುವುದು ಕಷ್ಟ. ವಾಟ್ಸಾಪಿನಲ್ಲಿ ಸೀರೆಯ ಫೋಟೋ ಕಳಿಸಿದರೆ ಒಬ್ಬೊಬ್ಬರ ಫೋನಿನಲ್ಲಿ ಒಂದೊಂದು ಥರ ಕಾಣುತ್ತದೆ. ನಾನು ಸೀರೆಯ ಪಕ್ಕ ಒಂದು ಒಣ ಬ್ಯಾಡಗಿ ಮೆಣಸಿನಕಾಯಿ, ಒಂದು ಅರಿಸಿನ ಕೊಂಬು ಇಟ್ಟು ಬೆಳಗಿನ ಬೆಳಕಿನಲ್ಲಿ ಫೋಟೋ ತೆಗೆದು ಕಳಿಸುತ್ತೇನೆ. ಮೆಣಸಿನಕಾಯಿಗಿಂತ ಎಷ್ಟು ತಿಳಿ, ಎಷ್ಟು ಗಾಢ ಅಂತ ಅವರಿಗೆ ಗೊತ್ತಾಗಿಬಿಡುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಮಾತ್ರ ಬಣ್ಣ ಹೊಂದಿಸಬೇಡಿ. ಅಂಗಡಿಯಲ್ಲೂ ಅಷ್ಟೇ, ಬಾಗಿಲ ಹತ್ತಿರ ತಂದು ಹಗಲು ಬೆಳಕಿನಲ್ಲಿ ನೋಡಿಯೇ ತೆಗೆದುಕೊಳ್ಳಿ.

ಜಾಗವನ್ನೂ ನೆನಪಿಡಿ. ತೋಟದಲ್ಲಿ ನಿಲ್ಲುವುದಾದರೆ ಎಲ್ಲರೂ ಹಸಿರು ಹಾಕಿದರೆ ಗಿಡದಲ್ಲಿ ಕರಗಿಹೋಗುತ್ತೀರಿ. ಅಲ್ಲಿ ಕೆಂಪು, ಅರಿಸಿನ, ಕೆನೆ ಏಳುತ್ತದೆ. ಮನೆಯ ಜಗಲಿಯಾದರೆ ಗೋಡೆಯ ಬಣ್ಣ ನೋಡಿ. ಹೊತ್ತು ಬೆಳಗಿನದೋ ಸಂಜೆ ಬಿಸಿಲು ಇಳಿದ ಮೇಲಿನದೋ ಇರಲಿ, ಮಧ್ಯಾಹ್ನ ಬೇಡ. ಮಧ್ಯಾಹ್ನದ ಬಿಸಿಲಲ್ಲಿ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ.

ಹಿಂದಿನ ರಾತ್ರಿ ಎಲ್ಲರ ಬಟ್ಟೆಯನ್ನೂ ಮಂಚದ ಮೇಲೆ, ನಿಲ್ಲುವ ಕ್ರಮದಲ್ಲೇ ಪಕ್ಕಪಕ್ಕ ಹಾಸಿ. ಸ್ವಲ್ಪ ದೂರ ನಿಂತು ಕಣ್ಣು ಅರ್ಧ ಮುಚ್ಚಿ ನೋಡಿ. ಯಾವುದೋ ಒಂದು ಬಟ್ಟೆ ಮುಂದಕ್ಕೆ ಎದ್ದು ಬಂದ ಹಾಗೆ ಕಂಡರೆ ಅದನ್ನು ಬದಲಿಸಿ. ಅಜ್ಜಿಯ ಸೀರೆಯೇ ಹಾಗೆ ಎದ್ದು ಕಂಡರೆ ಬಿಡಿ, ಅದು ಕಾಣಲೇಬೇಕು. ಇಸ್ತ್ರಿಯನ್ನೂ ಆಗಲೇ ಮುಗಿಸಿ. ಕೂರುವವರ ಮಡಿಲು, ಮೊಣಕಾಲಿನ ಭಾಗ ಫೋಟೋದಲ್ಲಿ ತುಂಬಾ ಜಾಗ ಹಿಡಿಯುತ್ತದೆ, ಅಲ್ಲಿ ಚೆನ್ನಾಗಿ ಇಸ್ತ್ರಿ ಆಗಬೇಕು. ನೆಲದ ಮೇಲೆ ಕೂರುವ ಹುಡುಗರ ಪ್ಯಾಂಟು ಮೇಲೆ ಸರಿದು ಸಾಕ್ಸು ಕಾಣುತ್ತದೆ. ಬರಿಗಾಲಲ್ಲಿ ಕೂರಲಿ, ಮನೆಯ ಫೋಟೋ ತಾನೆ. ಮಲ್ಲಿಗೆ ಮುಡಿದರೆ ಒಂದು ಎಳೆಯನ್ನು ಹೆಗಲ ಮುಂದಕ್ಕೆ ಬಿಡಿ, ಹಿಂದೆಯೇ ಇದ್ದರೆ ಮುಡಿದದ್ದೂ ಗೊತ್ತಾಗುವುದಿಲ್ಲ.

ಫೋಟೋ ಮುಗಿದ ಮೇಲೆ ಅಜ್ಜಿಯ ಸೀರೆಯನ್ನು ಕೂಡಲೇ ಮಡಚಿ ಒಳಗಿಡಬೇಡಿ. ಬೆವರು ಆರುವ ತನಕ ನೆರಳಲ್ಲಿ ಹರವಿ. ಹಳೆಯ ಮಡಿಕೆಯ ಮೇಲೆಯೇ ಮತ್ತೆ ಮಡಚಿದರೆ ರೇಷ್ಮೆ, ಜರಿ ಅಲ್ಲೇ ಸೀಳುತ್ತದೆ, ಮಡಿಕೆ ಬದಲಿಸಿ. ಮೆತ್ತಗಾದ ಹಳೆಯ ಪಂಚೆಯಲ್ಲಿ ಸುತ್ತಿಡಿ. ಪ್ರಿಂಟು ಬಂದ ದಿನ ಅದರ ಹಿಂದೆ ಪೆನ್ಸಿಲ್ಲಿನಲ್ಲಿ ಹಗುರವಾಗಿ ತಾರೀಖು, ಎಡದಿಂದ ಬಲಕ್ಕೆ ಎಲ್ಲರ ಹೆಸರು ಬರೆಯಿರಿ. ಅದರ ಜೊತೆಗೆ ಅಜ್ಜಿ ಉಟ್ಟ ಸೀರೆ ಯಾವುದು, ಯಾರು ಯಾವಾಗ ಕೊಡಿಸಿದ್ದು ಅಂತ ಅವರನ್ನೇ ಕೇಳಿ ಬರೆಯಿರಿ. ಅತ್ತೆಯ ಆ ಹಸಿರು ಸೀರೆ ಅವರ ತವರಿನಿಂದ ಬಂದದ್ದು ಅಂತ ನನಗೆ ಗೊತ್ತಾದದ್ದು ಹಾಗೆ ಕೇಳಿದ್ದರಿಂದಲೇ.