ಮಲೆನಾಡ ಮಣ್ಣು ಹಿಡ್ಕೊಂಡು ಯೂನಿವರ್ಸಿಟಿ ಸ್ಟುಡಿಯೋಗೆ ಹೋಗೋದು ಹೇಗೆ?

ಮೊದ್ಲೇ ಹೇಳ್ಬಿಡ್ತೀನಿ, ಸೆರಾಮಿಕ್ಸ್ ರೆಸಿಡೆನ್ಸಿ ಅಂದ್ರೆ ಕೋರ್ಸ್ ಅಲ್ಲ. ಯೂನಿವರ್ಸಿಟಿಯವ್ರು ಕೆಲವು ವಾರನೋ ತಿಂಗಳುಗಳೋ ಟೇಬಲ್ಲು, ತಿಗರಿ, ಆವಿಗೆ (ಮಡಕೆ ಸುಡೋ ಗೂಡು) ಬಿಟ್ಕೊಡ್ತಾರೆ, ನಿಮ್ಮ ಕೆಲ್ಸ ನೀವು ಮಾಡ್ಕೋಬೇಕು, ಬದಲಿಗೆ ಸಾಮಾನ್ಯವಾಗಿ ಹುಡುಗರಿಗೊಂದು ಡೆಮೋ, ಒಂದು ಟಾಕ್, ಹೊರಡುವಾಗ ಒಂದು ಪೀಸ್ ಅಲ್ಲೇ ಬಿಟ್ಟು ಬರೋದು. ಕೆಲವರು ಸ್ಟೈಪೆಂಡ್ ಕೊಡ್ತಾರೆ, ಕೆಲವರು ಉಲ್ಟಾ ನಮ್ಮ ಹತ್ರನೇ ಫೀಸ್ ಕೇಳ್ತಾರೆ.

ಶಿವಮೊಗ್ಗ ಕಡೆಯಿಂದ ಅಪ್ಲೈ ಮಾಡೋರು ಫಾರ್ಮಿಂದ ಶುರು ಮಾಡ್ಬೇಡಿ, ಮಣ್ಣಿಂದ ಶುರು ಮಾಡಿ. ಚೆನ್ನಾಗಿ ತಿಗರಿ ತಿರುಗಿಸೋರು ಬೇಕಾದಷ್ಟು ಜನ ಇದಾರೆ, ಆದ್ರೆ ನಿಮ್ಮೂರ ಕೆರೆ ಅಂಗಳದ ಕೆಂಪು ಜೇಡಿ ಎಷ್ಟು ಕಾವಿಗೆ ಏನಾಗತ್ತೆ ಅಂತ ತೋರಿಸೋಕೆ ನಿಮ್ಮ ಬಿಟ್ರೆ ಯಾರಿದಾರೆ? ಜೇಡಿ ನೆನೆಸಿ, ಸೋಸಿ, 14 ಸೆಂ.ಮೀ. ಉದ್ದದ ಪಟ್ಟಿ ಮಾಡಿ, ಹಸಿ ಇರುವಾಗ್ಲೇ ಅದರ ಮೇಲೆ ಸರಿಯಾಗಿ 10 ಸೆಂ.ಮೀ. ಗೆರೆ ಗೀರಿ. ಒಣಗಿಸಿ ಸುಟ್ಟ ಮೇಲೆ ಆ ಗೆರೆ 9 ಸೆಂ.ಮೀ. ಆಗಿದ್ರೆ ಮಣ್ಣು 10 ಪರ್ಸೆಂಟ್ ಕುಗ್ಗಿದೆ ಅಂತರ್ಥ. ಆಷಾಢದ ಮಳೇಲಿ ಪಟ್ಟಿ ಒಣಗೋದೇ ಇಲ್ಲ, ನಾನು ಬಚ್ಚಲೊಲೆ ಮೇಲಿನ ಅಟ್ಟದಲ್ಲಿಡ್ತೀನಿ. ಒಳಗೆ ತೇವ ಉಳಿದಿದ್ರೆ ಕಾವು 100 ಡಿಗ್ರಿ ದಾಟುವಾಗ ಆವಿ ಆಗಿ ಪಟಾಕಿ ಥರ ಸಿಡಿಯತ್ತೆ.

ಇನ್ನೊಂದು ಮುಖ್ಯ ವಿಷ್ಯ. ನಮ್ಮ ಕೆಂಪು ಮಣ್ಣಲ್ಲಿ ಕಬ್ಬಿಣದ ಅಂಶ ಜಾಸ್ತಿ, 1000 ಡಿಗ್ರಿ ಆಸುಪಾಸಿಗೆ ಗಟ್ಟಿಯಾಗತ್ತೆ, ಆದ್ರೆ ಯೂನಿವರ್ಸಿಟಿ ಸ್ಟುಡಿಯೋಗಳಲ್ಲಿ ಸ್ಟೋನ್‌ವೇರ್‌ಗೆ (ಜಾಸ್ತಿ ಕಾವಲ್ಲಿ ಸುಡೋ ಗಟ್ಟಿ ಮಣ್ಣಿನ ಸಾಮಾನು) ಅಂತ 1280 ಹತ್ರಕ್ಕೆ ಏರಿಸೋದು ಮಾಮೂಲಿ, ಅಷ್ಟು ಕಾವಿಗೆ ಇದು ಉಬ್ಬಿ ಕರಗೋದೂ ಉಂಟು. ಒಂದ್ಕಡೆ ನನ್ನ ಟೆಸ್ಟ್ ಟೈಲ್, ಅಂದ್ರೆ ಮಣ್ಣು ಪರೀಕ್ಷೆ ಮಾಡೋ ಬಿಲ್ಲೆ, ಬೆಲ್ಲದ ಪಾಕದ ಥರ ಹರಿದು ಅವರ ಶೆಲ್ಫಿಗೆ ಅಂಟಿ ಕೂತ್ಕೊಂಡ್ತು, ದುಡ್ಡು ನಾನೇ ಕಟ್ದೆ. ಅವತ್ತಿಂದ ಟೆಸ್ಟ್ ಟೈಲನ್ನ ಸ್ಟೋನ್‌ವೇರ್ ತಟ್ಟೇಲಿ ಕೂರಿಸದೆ ಒಳಗಿಡಲ್ಲ.

ಆಮೇಲೆ ನಿಮ್ಮ ಕೆಲ್ಸದ ಫೋಟೋ. ಹೆಚ್ಚಾಗಿ 10ರಿಂದ 20 ಕೇಳ್ತಾರೆ, ಕಮಿಟಿಯವ್ರು ಮೊದ್ಲು ನೋಡೋದೇ ಇದನ್ನ. ಲೈಟ್ ಬಾಡಿಗೆಗೆ ತರೋ ಖರ್ಚು ಬೇಡ ಮಾರಾಯ್ರೆ, ಮೋಡ ಕವಿದ ಮಧ್ಯಾಹ್ನ ಕಿಟಕಿ ಪಕ್ಕ ಬೂದು ಬಣ್ಣದ ಕಾರ್ಡ್‌ಶೀಟ್ ಬಾಗಿಸಿಟ್ಟು ತೆಗೀರಿ, ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಮೇಲೆ ಬಿಳಿ ಮಿಂಚು ಅಷ್ಟಾಗಿ ಬೀಳಲ್ಲ. ಹಿಂದ್ಗಡೆ ಹೂವಿನ ಕುಂಡ, ಯಕ್ಷಗಾನದ ಕಿರೀಟ ಇಡ್ಬೇಡಿ ದಯವಿಟ್ಟು.

ಅರ್ಜಿ ಜೊತೆ ಬರೆದು ಕೊಡೋ ಸ್ಟೇಟ್‌ಮೆಂಟಲ್ಲಿ 'ಮಣ್ಣೇ ನನ್ನ ಉಸಿರು' ಅಂತೆಲ್ಲ ಬರೀದೆ ಏನ್ ಮಾಡ್ತೀರಿ, ಎಷ್ಟು ಪೀಸು, ಎಷ್ಟು ಸಲ ಆವಿಗೆ ಬೇಕು, ಯಾವ ಕಾವಿಗೆ, ಇಷ್ಟೇ ಬರೀರಿ. ರೆಫರೆನ್ಸ್ ಕೊಡೋರಿಗೆ ಒಂದು ತಿಂಗಳು ಮುಂಚೆ ಹೇಳಿ. ಫೈರಿಂಗ್ ಚಾರ್ಜ್ (ಸುಡೋ ಖರ್ಚು) ಯಾರದ್ದು, ಆವಿಗೆ ಕರೆಂಟಿನದೋ ಗ್ಯಾಸಿನದೋ, ಇದನ್ನ ಸೈನ್ ಹಾಕೋ ಮೊದ್ಲು ಇಮೇಲಲ್ಲೇ ಕೇಳಿ ಬರವಣಿಗೆಲಿ ಇಟ್ಕೊಳ್ಳಿ.

ಫಾರಿನ್ ಆದ್ರೆ ಹಸಿ ಮಣ್ಣು ಬ್ಯಾಗಲ್ಲಿ ತುಂಬ್ಕೊಂಡು ಹೋಗ್ಬೇಡಿ, ಅಮೆರಿಕ ಥರದ ದೇಶಗಳಲ್ಲಿ ಹೊರಗಿನ ಮಣ್ಣಿಗೆ ಕ್ವಾರಂಟೈನ್ ರೂಲ್ಸ್ ಇದೆ. ಸುಟ್ಟ ಟೈಲ್‌ಗಳನ್ನೇ ಒಯ್ಯಿರಿ. ಹಸಿ ಇರುವಾಗ್ಲೇ ಮೂಲೇಲಿ ತೂತು ಮಾಡಿ, ಹಿಂದೆ ಕೆರೆ ಹೆಸರು, ಕಾವು ಗೀರಿಟ್ರೆ ದಾರಕ್ಕೆ ಪೋಣಿಸಿ ಬಟ್ಟೆ ಮಧ್ಯೆ ಸುತ್ಕೊಂಡು ಹೋಗ್ಬೋದು.