ಉತ್ತರದ ಗಾಜಿನಲ್ಲೂ ಬಿಸಿಲು: ತಾರಸಿ ಗ್ಯಾಲರಿಯಲ್ಲಿ ಸರಿಮಾಡಿದ ಬಗೆ

ಬೆಂಗಳೂರಿನ ಮನೆಯೊಂದರ ತಾರಸಿಯಲ್ಲಿ ಖಾಸಗಿ ಕಲಾಸಂಗ್ರಹಕ್ಕೆ ಗ್ಯಾಲರಿ ಕಟ್ಟಿದೆ. ಬೆಳಕಿಗೆ ಉತ್ತರದ ಗಾಜು ಮಾತ್ರ. ಆದರೂ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ ಜಲವರ್ಣ ಚಿತ್ರಗಳ ಮೇಲೆ ಅಂಗೈಯಗಲದ ಬಿಸಿಲಪಟ್ಟಿ ಹರಿದಾಡುತ್ತಿತ್ತು. ಕಾಗದದ ಕೃತಿಗಳಿಗೆ ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ದಾಟಬಾರದು.

ಗಾಜಿಗೆ ನೇರಳಾತೀತ ಕಿರಣ ತಡೆಯುವ ಯುವಿ ಫಿಲ್ಮ್ ಅಂಟಿಸಿದರೂ ಪಟ್ಟಿ ಹೋಗಲಿಲ್ಲ. ಬ್ಲೈಂಡ್ ಇಳಿಸಿದರೆ ಕೋಣೆಯೇ ಕತ್ತಲು.

ತಪ್ಪು ನಕ್ಷೆಯಲ್ಲೇ ಇತ್ತು. ಯುರೋಪಿಗೆ ಒಗ್ಗುವ ಉತ್ತರದ ಬೆಳಕು ಬೆಂಗಳೂರಿನ 13 ಡಿಗ್ರಿ ಅಕ್ಷಾಂಶದಲ್ಲಿ ನಡೆಯದು. ಜೂನ್ 21ರ ನಡುಹಗಲು ಸೂರ್ಯ ನೆತ್ತಿಯಿಂದ ಸುಮಾರು 10 ಡಿಗ್ರಿ ಉತ್ತರಕ್ಕಿರುತ್ತಾನೆ. ಹುಟ್ಟುವುದೂ ಈಶಾನ್ಯದ ಕಡೆಗೇ.

ಮೊದಲು 90 ಸೆಂ.ಮೀ. ಎತ್ತರದ ಗಾಜಿನ ಮೇಲೆ 30 ಸೆಂ.ಮೀ. ಸಜ್ಜಾ ಕೊಟ್ಟೆ, ಅದು ನಡುಹಗಲಿಗೆ. ಆಮೇಲೆ ಹೊರಗಡೆ, ಗಾಜಿನಿಂದ 30 ಸೆಂ.ಮೀ. ಮುಂಚಾಚುವ ಅಲ್ಯೂಮಿನಿಯಂ ಪಟ್ಟಿಗಳನ್ನು 60 ಸೆಂ.ಮೀ.ಗೊಂದರಂತೆ ನೆಟ್ಟಗೆ ನಿಲ್ಲಿಸಿದೆ. ಅಂತರ ಚಾಚಿನ ಎರಡು ಪಟ್ಟು ಮೀರಿದರೆ ಬೆಳಗಿನ ಓರೆ ಬಿಸಿಲು ನುಸುಳುತ್ತದೆ. ಬಣ್ಣ ಮ್ಯಾಟ್ ಇರಲಿ. ಹೊಳಪಿದ್ದರೆ ಬಿಸಿಲು ಒಳಕ್ಕೇ ಚಿಮ್ಮುತ್ತದೆ.