ಲೋಡ್ ಇಳಿಸದೆ ಸ್ಟೆಪ್ನಿ ಕೈಗೆ ಸಿಗಬೇಕು: ನನ್ನ ಪಿಕಪ್‌ಗೆ ನಾನು ಮಾಡಿಸಿಕೊಂಡ ಜಾಗ

ಪಿಕಪ್‌ನಲ್ಲಿ ಸ್ಟೆಪ್ನಿ ಎಲ್ಲಿರಬೇಕು ಅಂತ ಕೇಳಿದರೆ ಹೆಚ್ಚಿನವರು ‘ಕಂಪನಿಯವರು ಎಲ್ಲಿಟ್ಟಿದ್ದಾರೋ ಅಲ್ಲೇ’ ಅನ್ನುತ್ತಾರೆ. ನಾನು ಅದನ್ನು ಹೀಗೆ ಕೇಳುತ್ತೇನೆ. ಗಾಡಿ ತುಂಬ ಲೋಡ್ ಇದೆ. ಹಿಂದಿನ ಗಾಲಿ ಪಂಚರ್ ಆಗಿ ರಿಮ್ ಮೇಲೆ ಕೂತಿದೆ. ರಾತ್ರಿ ಹೊತ್ತು, ಜೊತೆಗೆ ಯಾರೂ ಇಲ್ಲ. ಆಗ ಒಂದು ಕ್ರೇಟೂ ಕೆಳಗಿಳಿಸದೆ ಸ್ಟೆಪ್ನಿ ಹೊರಗೆ ಬರುತ್ತದಾ? ಬಂದರೆ ಆ ಜಾಗ ಸರಿ ಇದೆ. ಬರದಿದ್ದರೆ ಸ್ಟೆಪ್ನಿ ಇದ್ದೂ ಇಲ್ಲದ ಲೆಕ್ಕ.

ನನ್ನದು ಹದಿನೈದು ಇಂಚಿನ ಗಾಲಿಯ ಸಿಂಗಲ್ ಕ್ಯಾಬಿನ್ ಪಿಕಪ್. ವಿಜಯಪುರದಲ್ಲಿ ಬಾಡಿಗೆ ಹೊಡೆಯುತ್ತೇನೆ. ದ್ರಾಕ್ಷಿ ಸುಗ್ಗಿಯಲ್ಲಿ ತಿಕೋಟಾ, ಬಬಲೇಶ್ವರ ಕಡೆ. ಅದು ಮುಗಿದ ಮೇಲೆ ಒಣದ್ರಾಕ್ಷಿ ಬಾಕ್ಸ್ ತುಂಬಿಕೊಂಡು ತಾಸಗಾಂವ, ಸಾಂಗಲಿ ಪೇಟೆಗೆ. ಉಳಿದ ದಿನ ಇಂಡಿ ತಾಲೂಕಿನ ಲಿಂಬೆ, ಬಾಗೇವಾಡಿ ಕಡೆಯ ಉಳ್ಳಾಗಡ್ಡಿ. ಹೆದ್ದಾರಿಯಲ್ಲಿ ಓಡುವುದಕ್ಕಿಂತ ತೋಟದ ದಾರಿಯಲ್ಲಿ ತೆವಳುವುದೇ ಜಾಸ್ತಿ. ಪಂಚರ್ ಆಗುವುದೂ ಅಲ್ಲೇ: ಜಾಲಿ ಮುಳ್ಳು, ಚೂಪು ಖಡಿ, ದ್ರಾಕ್ಷಿ ಚಪ್ಪರದಿಂದ ಬಿದ್ದ ತಂತಿ ತುಂಡು.

ಗಾಡಿ ತಗೊಂಡಾಗ ಸ್ಟೆಪ್ನಿ ಇದ್ದದ್ದು ಹೆಚ್ಚಿನ ಪಿಕಪ್‌ಗಳಲ್ಲಿ ಇರುವ ಹಾಗೇ. ಹಿಂದಿನ ಆಕ್ಸಲ್ ಆಚೆ, ಮಾಲು ತುಂಬುವ ಬಾಡಿಯ ಅಡಿಯಲ್ಲಿ, ಮಲಗಿಸಿದ ರೀತಿ. ಕಾಗದದ ಮೇಲೆ ಇದು ಒಳ್ಳೆಯ ಜಾಗ. ಮೇಲಿನ ಜಾಗ ಪೂರ್ತಿ ಮಾಲಿಗೆ ಸಿಗುತ್ತದೆ, ಬಿಸಿಲು ತಾಗುವುದಿಲ್ಲ. ಡಾಂಬರ್ ರೋಡಿನಲ್ಲೇ ಓಡಾಡುವವರಿಗೆ ಇದಕ್ಕಿಂತ ಬೇರೆ ಬೇಕಿಲ್ಲ.

ಆದರೆ ನಮ್ಮ ಎರೆ ನೆಲ ಬೇರೆಯೇ ಲೆಕ್ಕ ಹೇಳುತ್ತದೆ. ಡೋಣಿ ಹೊಳೆ ದಂಡೆಯ ಹೊಲಗಳ ಕಡೆ ಒಂದು ಮಳೆ ಬಿದ್ದ ಮೇಲೆ ಹೋಗಿ ನೋಡಿ. ಹಿಂದಿನ ಗಾಲಿಗಳು ಎಸೆಯುವ ಕರಿ ಮಣ್ಣು ಸೀದಾ ಸ್ಟೆಪ್ನಿ ಮೇಲೆ ಬಂದು ಕೂರುತ್ತದೆ. ರಿಮ್‌ನ ಬಟ್ಟಲು ತುಂಬುತ್ತದೆ, ಗಾಲಿಯನ್ನು ಹಿಡಿದಿರುವ ಬೋಲ್ಟ್ ಮುಚ್ಚುತ್ತದೆ, ಸರಪಳಿಯ ಕೊಂಡಿಗಳ ನಡುವೆ ಮೆತ್ತಿಕೊಳ್ಳುತ್ತದೆ. ಎರಡು ದಿನ ಬಿಸಿಲು ಬಿದ್ದರೆ ಅದು ಸಿಮೆಂಟ್ ಆಗಿರುತ್ತದೆ. ನನಗೆ ಒಮ್ಮೆ ಆ ಬೋಲ್ಟ್ ತಲೆ ಹುಡುಕಲು ಪಾನಾದ ತುದಿಯಿಂದ ಮಣ್ಣು ಕೆತ್ತಬೇಕಾಯ್ತು. ಸಿಕ್ಕ ಮೇಲೂ ತಿರುಗಲಿಲ್ಲ, ಒಳಗೆ ತುಕ್ಕು. ಕೆಲವು ಗಾಡಿಗಳಲ್ಲಿ ಬೋಲ್ಟ್ ಬದಲು ತಂತಿಹಗ್ಗದ ರಾಟೆ ಇರುತ್ತದೆ. ಅದರದ್ದು ಇನ್ನೊಂದು ಕಥೆ. ಹಗ್ಗದ ಎಳೆಗಳು ಒಳಗೊಳಗೇ ತುಕ್ಕು ತಿಂದು ಒಂದಿನ ಗಾಲಿ ರೋಡಿನ ಮೇಲೆ ಬೀಳುತ್ತದೆ. ಹಿಂದೆ ಬೈಕ್ ಬರುತ್ತಿದ್ದರೆ ಏನು ಗತಿ?

ಮಣ್ಣನ್ನಾದರೂ ತೊಳೆಯಬಹುದು. ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಬೇರೆ. ಲೋಡ್ ಇದ್ದಾಗ ಹಿಂದಿನ ಗಾಲಿ ಪಂಚರ್ ಆದರೆ ಗಾಡಿಯ ಹಿಂಭಾಗ ಕೆಳಗೆ ಕೂರುತ್ತದೆ. ಆಗ ನೆಲಕ್ಕೂ ಬಾಡಿಗೂ ನಡುವೆ ಉಳಿಯುವ ಸಂದಿಯಲ್ಲಿ ಗಾಲಿ ಎಳೆದುಕೊಳ್ಳಲು ಆಗುವುದಿಲ್ಲ. ಮೊದಲು ಜಾಕ್ ಏರಿಸಬೇಕು, ಆಮೇಲೆ ಅಡಿಗೆ ನುಗ್ಗಿ ಸ್ಟೆಪ್ನಿ ಬಿಚ್ಚಬೇಕು. ಅಂದರೆ ಲೋಡ್ ಗಾಡಿ ಬರೀ ಜಾಕ್ ಮೇಲೆ ನಿಂತಿರುವಾಗ ನಮ್ಮ ತಲೆ, ಭುಜ ಅದರ ಕೆಳಗೆ. ಮೆತ್ತನೆ ಎರೆ ಮಣ್ಣಲ್ಲಿ ಜಾಕ್ ಯಾವಾಗ ವಾಲುತ್ತದೋ ಯಾರಿಗೆ ಗೊತ್ತು. ಜಾಕ್ ಮೇಲಿರುವ ಗಾಡಿಯ ಅಡಿಗೆ ಹೋಗಬೇಡ ಅಂತ ಎಲ್ಲರೂ ಹೇಳುತ್ತಾರೆ. ಸ್ಟೆಪ್ನಿ ಅಲ್ಲೇ ಇಟ್ಟರೆ ಹೋಗದೆ ಇನ್ನೇನು ಮಾಡೋದು?

ಹಾಗಾಗಿ ಬೇರೆ ಜಾಗ ಹುಡುಕಿದೆ. ಕ್ಯಾಬಿನ್ ಮೇಲೆ ಕ್ಯಾರಿಯರ್ ಮಾಡಿಸಿ ಮಲಗಿಸುವವರು ಇದ್ದಾರೆ. ರಿಮ್ ಸಮೇತ ಈ ಗಾಲಿ ಇಪ್ಪತ್ತು ಕೆಜಿಗೂ ಮೇಲಿದೆ. ತಲೆ ಮೇಲಿಂದ ಒಬ್ಬನೇ ಇಳಿಸಿದರೆ ಸೊಂಟ ಹೋಗುತ್ತದೆ, ಇಲ್ಲಾ ಮುಂದಿನ ಗಾಜು ಹೋಗುತ್ತದೆ. ಅದೂ ಅಲ್ಲದೆ ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಟೈರಿನ ಗೋಡೆ ಬಿರುಕು ಬಿಡಲು ಜಾಸ್ತಿ ದಿನ ಬೇಕಿಲ್ಲ. ದೊಡ್ಡ ಲಾರಿಗಳ ಹಾಗೆ ಪಕ್ಕಕ್ಕೆ ತೂಗುಹಾಕೋಣ ಅಂದರೆ ಪಿಕಪ್‌ಗೆ ಚಾಸಿಯಿಂದ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟಿನಿಂದ, ಬಾಡಿ ಅಂಚಿನವರೆಗೆ ಅಷ್ಟು ಅಗಲ ಇಲ್ಲ. ಕ್ಯಾಬಿನ್ ಮತ್ತು ಬಾಡಿ ನಡುವಿನ ಸಂದಿಯಲ್ಲಿ ಕೈ ಹೋಗುತ್ತದೆ, ಗಾಲಿ ಹೋಗಲ್ಲ. ಸುಮ್ನೆ ಬಾಡಿಯಲ್ಲಿ ಒಗೆದು ಮೇಲೆ ಕ್ರೇಟ್ ಪೇರಿಸುವವರೂ ಇದ್ದಾರೆ. ಅವರ ಬಗ್ಗೆ ಏನೂ ಹೇಳೋದಿಲ್ಲ.

ಕೊನೆಗೆ ಉಳಿದದ್ದು ಬಾಡಿಯ ಒಳಗೆ, ಕ್ಯಾಬಿನ್ ಹಿಂದಿನ ಕಬ್ಬಿಣದ ಜಾಲಿಗೆ ಒರಗಿಸಿ, ಎಡ ಮೂಲೆಯಲ್ಲಿ ನಿಲ್ಲಿಸುವುದು. ಎಡ ಯಾಕೆ ಅಂದರೆ, ರೋಡಿನ ಪಕ್ಕ ಗಾಡಿ ನಿಲ್ಲಿಸಿದಾಗ ಎಡಗಡೆ ಮಣ್ಣಿನ ಅಂಚು, ಬಲಗಡೆ ಹಾರಿಹೋಗುವ ಬಸ್ಸು. ಸೋಲಾಪುರ ಹೆದ್ದಾರಿಯಲ್ಲಿ ರಾತ್ರಿ ಬಲಗಡೆ ನಿಂತು ಗಾಲಿ ಇಳಿಸುವ ಧೈರ್ಯ ನನಗಿಲ್ಲ.

ಆದರೆ ಅಲ್ಲಿಟ್ಟರೂ ಒಂದು ತೊಡಕಿತ್ತು. ಗಾಲಿಯನ್ನು ಫಾಳಕಾ, ಅಂದರೆ ಬಾಡಿಯ ಪಕ್ಕದ ಇಳಿಸುವ ಗೋಡೆ, ದಾಟಿಸಿ ಎತ್ತಬೇಕು. ಫಾಳಕಾ ಇಳಿಸೋಣ ಅಂದರೆ ಉಳ್ಳಾಗಡ್ಡಿ ಚೀಲಗಳೆಲ್ಲ ರೋಡಿಗೆ. ಇದಕ್ಕೆ ದಾರಿ ತೋರಿಸಿದ್ದು ವೆಲ್ಡಿಂಗ್ ಅಂಗಡಿಯ ಹುಡುಗ. ‘ಪೂರ್ತಿ ಯಾಕೆ ಇಳಿಸ್ತೀರಿ, ಮುಂದಿನ ತುಂಡು ಒಂದನ್ನೇ ಬಾಗಿಲು ಮಾಡೋಣ’ ಅಂದ. ಎಡಗಡೆ ಫಾಳಕಾದ ಮುಂದಿನ ಒಂದು ಗೇಣು ಚಿಲ್ಲರೆ, ಅಂದರೆ 26 ಸೆಂಟಿಮೀಟರ್, ಕತ್ತರಿಸಿ ಬೇರೆ ಮಾಡಿದೆವು. ಅದಕ್ಕೆ ಅದರದ್ದೇ ಕೀಲು, ಅದರದ್ದೇ ಚಿಲಕ, ಬೀಗದ ಕೊಂಡಿ. ಉಳಿದ ಉದ್ದದ ಫಾಳಕಾ ಹಾಗೇ ಮುಚ್ಚಿರುತ್ತದೆ.

ಒಳಗೆ ಗಾಲಿಗೆ ಒಂದು ಕಂಪಾರ್ಟ್‌ಮೆಂಟ್. 40 ಎಂಎಂ ಕಬ್ಬಿಣದ ಆಂಗಲ್‌ ಪಟ್ಟಿಯಿಂದ ಚೌಕಟ್ಟು, ಅದಕ್ಕೆ ಅಡ್ಡಪಟ್ಟಿಗಳು. ಮಾಲು ಅದಕ್ಕೆ ಒತ್ತುತ್ತದೆ, ಗಾಲಿಗೆ ಒತ್ತುವುದಿಲ್ಲ. ಗಾಲಿಯ ಮುಖ ಕ್ಯಾಬಿನ್ ಕಡೆಗಲ್ಲ, ಹಿಂದಕ್ಕೆ. ಇಲ್ಲದಿದ್ದರೆ ಗಾಳಿ ನೋಡಲು ವಾಲ್ವ್ ಸಿಗಲ್ಲ. ಜಾಲಿಯಿಂದ ಒಂದು ದಪ್ಪ ಬೋಲ್ಟ್ ರಿಮ್‌ನ ನಡುವಿನ ತೂತಿನಿಂದ ಹೊರಗೆ ಬರುತ್ತದೆ. ಅದರ ಮೇಲೆ ತಟ್ಟೆಯಷ್ಟು ಅಗಲದ ಪ್ಲೇಟ್, ಪ್ಲೇಟ್ ಮೇಲೆ ಚಿಟ್ಟೆ ನಟ್ಟು. ಪಾನಾ ಬೇಡ, ಬೆರಳಲ್ಲೇ ಬಿಚ್ಚಬಹುದು. ಕಳ್ಳನಿಗೂ ಅಷ್ಟೇ ಸುಲಭ, ಅದಕ್ಕೇ ಬಾಗಿಲಿಗೆ ಬೀಗ. ಕೆಳಗೆ ಹಳೆ ಟ್ಯೂಬಿನ ರಬ್ಬರ್ ಹಾಸಿದ್ದೇವೆ. ಅದಿಲ್ಲದೆ ಮೊದಲು ಓಡಿಸಿದಾಗ ಕೊಲ್ಹಾರದ ಸೇತುವೆಯವರೆಗೂ ಕಿವಿಯ ಹಿಂದೆ ಗಡಗಡ. ನೀರು ನಿಲ್ಲದ ಹಾಗೆ ತಳಕ್ಕೆ ಎರಡು ತೂತು ಕೊರೆಸಿದೆ.

ವೆಲ್ಡಿಂಗ್ ಬಗ್ಗೆ ಎರಡು ಮಾತು. ಎಲ್ಲ ವೆಲ್ಡಿಂಗ್ ಗಾಡಿಯ ಬಾಡಿ ಮೇಲೆ ಮಾತ್ರ. ಚಾಸಿಗೆ ಕೈ ಹಚ್ಚಲು ಬಿಡಬೇಡಿ, ಕಾಯಿಸಿದ ಜಾಗದಲ್ಲಿ ಕಬ್ಬಿಣದ ಬಲ ಕಡಿಮೆಯಾಗಿ ಮುಂದೆ ಅಲ್ಲೇ ಬಿರುಕು ಬಿಡುತ್ತದೆ. ಕೆಲಸ ಶುರು ಮಾಡುವ ಮುನ್ನ ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ. ಈಗಿನ ಗಾಡಿಗಳಲ್ಲಿ ಎಲೆಕ್ಟ್ರಾನಿಕ್ ಡಬ್ಬಿಗಳಿವೆ, ಅವು ಸುಟ್ಟರೆ ಬಾಗಿಲಿನ ಖರ್ಚಿಗಿಂತ ಹತ್ತು ಪಟ್ಟು ದಂಡ. ಗಾಡಿಯ ರಚನೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ ಅನ್ನುವುದೂ ನೆನಪಿರಲಿ. ನನ್ನದರಲ್ಲಿ ಉದ್ದ, ಅಗಲ, ಎತ್ತರ ಯಾವುದೂ ಬದಲಾಗಿಲ್ಲ, ಹೊರಗೆ ಒಂದು ಬೆರಳೂ ಚಾಚಿಲ್ಲ. ಆದರೂ ನೀವು ಕತ್ತರಿ ಹಾಕಿಸುವ ಮುಂಚೆ ಆರ್‌ಟಿಓ ಕಚೇರಿಯಲ್ಲಿ ಒಂದು ಮಾತು ಕೇಳಿಕೊಳ್ಳಿ.

ಈಗ ಪಂಚರ್ ಆದರೆ ಮಾಡುವುದು ಇಷ್ಟು. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು, ಉಳಿದ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡುತ್ತೇನೆ. ಪುಟ್ಟ ಬಾಗಿಲು ತೆಗೆದು ಚಿಟ್ಟೆ ನಟ್ಟು ಬಿಚ್ಚಿದರೆ ಗಾಲಿ ತಾನಾಗಿ ಎಡಕ್ಕೆ ಉರುಳಲು ತಯಾರಿರುತ್ತದೆ. ಸ್ಟೆಪ್ನಿ ಕೆಳಗೆ ಬಂದ ಮೇಲೇ ಜಾಕ್ ಮುಟ್ಟುವುದು. ನಟ್ಟುಗಳನ್ನು ಗಾಲಿ ನೆಲದ ಮೇಲಿರುವಾಗಲೇ ಸಡಿಲ ಮಾಡಿ, ಆಮೇಲೆ ಏರಿಸುತ್ತೇನೆ. ಪಂಚರ್ ಗಾಲಿ ಮೇಲೆ ಏರಿಸುವುದೇ ಕಷ್ಟದ ಕೆಲಸ. ಅದಕ್ಕೆ ಒಂದು ಜಾಲಿ ಕಟ್ಟಿಗೆಯ ಹಲಗೆ ಇಟ್ಟುಕೊಂಡಿದ್ದೇನೆ. ಎರೆ ಮಣ್ಣಲ್ಲಿ ಅದು ಜಾಕ್ ಅಡಿಗೆ, ಕೆಲಸ ಮುಗಿದ ಮೇಲೆ ಬಾಡಿಗೆ ಒರಗಿಸಿದರೆ ಗಾಲಿ ಉರುಳಿಸಲು ಇಳಿಜಾರು.

ಕಳೆದುಕೊಂಡದ್ದು? ಬಾಡಿಯ ಮುಂದಿನ ಒಂದು ಗೇಣು. ದ್ರಾಕ್ಷಿ ಕ್ರೇಟ್‌ನಲ್ಲಿ ಒಂದು ಸಾಲು ಕಮ್ಮಿಯಾಯ್ತು. ಮೊದಮೊದಲು ಹೊಟ್ಟೆ ಉರಿಯಿತು, ನಿಜ. ಆದರೆ ಗಾಲಿಯ ಬಲಕ್ಕೆ ಉಳಿದ ಜಾಗದಲ್ಲಿ ಜಾಕ್, ಹಗ್ಗ, ತಾಡಪತ್ರಿ, ನೀರಿನ ಕ್ಯಾನ್, ಆ ಹಲಗೆ ಎಲ್ಲ ಕೂತವು. ಮೊದಲು ಇವೆಲ್ಲ ಕ್ಯಾಬಿನ್‌ನಲ್ಲಿ ನನ್ನ ಕಾಲಡಿಗೆ ಉರುಳಾಡುತ್ತಿದ್ದವು. ತೂಕ ಹೊರುವ ಲೆಕ್ಕದಲ್ಲಿ ಏನೂ ಕಮ್ಮಿಯಾಗಿಲ್ಲ. ಖಾಲಿ ಗಾಡಿಯ ತೂಕದಲ್ಲಿ ಸ್ಟೆಪ್ನಿ ಮೊದಲೇ ಸೇರಿರುತ್ತದಲ್ವಾ, ಹೆಚ್ಚಾದದ್ದು ಆಂಗಲ್‌ನ ತೂಕ ಅಷ್ಟೇ. ಹಿಂದಿನ ತುದಿಯಲ್ಲಿ ತೂಗುತ್ತಿದ್ದ ಭಾರ ಮುಂದಕ್ಕೆ ಬಂದದ್ದೂ ಒಳ್ಳೆಯದೇ.

ಬಿಸಿಲಿಗೆ ಹೊದಿಕೆ ಬೇಕೇ ಬೇಕು. ನಾನು ಹಳೆ ಫ್ಲೆಕ್ಸ್ ಬ್ಯಾನರ್ ಹೊಲಿಸಿ ಹಾಕಿದ್ದೇನೆ. ಯಾರದೋ ಹುಟ್ಟುಹಬ್ಬದ ಶುಭಾಶಯ ಒಳಮುಖವಾಗಿದೆ. ಗಾಳಿಯನ್ನು ಲೋಡ್ ಇರುವ ಹಿಂದಿನ ಗಾಲಿಗೆ ಎಷ್ಟು ಬೇಕೋ ಅಷ್ಟೇ ತುಂಬಿಸಿಡುತ್ತೇನೆ. ಮುಂದಕ್ಕೆ ಹಾಕುವುದಾದರೆ ಸ್ವಲ್ಪ ಬಿಟ್ಟರಾಯ್ತು. ಹೊಲದ ನಡುವೆ ಗಾಳಿ ತುಂಬಿಸಲು ಯಾರು ಬರುತ್ತಾರೆ? ಟೈರಿನ ಮೇಲೆ ನಾಲ್ಕು ಅಂಕಿಯ ತಾರೀಖು ಇರುತ್ತದೆ, 3521 ಅಂದರೆ 2021ರ 35ನೇ ವಾರ. ಸ್ಟೆಪ್ನಿ ಓಡದಿದ್ದರೂ ಮುದಿಯಾಗುತ್ತದೆ. ಹೊಸ ಟೈರ್ ಹಾಕಿಸುವಾಗ ಆ ಅಂಕಿ ನೋಡಿ ಹಳೆ ಸ್ಟೆಪ್ನಿಯನ್ನೂ ಓಡುವ ಗಾಲಿಗಳ ಜೊತೆ ಬದಲಿಸಿಕೊಳ್ಳಿ.

‘ಈಗ ಸ್ಟೆಪ್ನಿ ಬೇಡ ಅಂತ ರೂಲ್ ಬಂದಿದೆಯಲ್ಲ’ ಅನ್ನುವವರು ಸಿಗುತ್ತಾರೆ. 2020ರಲ್ಲಿ ಸಡಿಲಿಸಿದ್ದು ಸಣ್ಣ ಪ್ರಯಾಣಿಕ ಗಾಡಿಗಳಿಗೆ. ಅದೂ ಟ್ಯೂಬ್‌ಲೆಸ್ ಟೈರ್, ಗಾಳಿ ಎಷ್ಟಿದೆ ಅಂತ ಹೇಳುವ ಸೆನ್ಸರ್, ಪಂಚರ್ ಕಿಟ್ ಇದ್ದರೆ ಮಾತ್ರ. ಮಾಲು ಹೊರುವ ನಮಗೆ ಅದು ಅಲ್ಲ.

ಎಲ್ಲರೂ ನನ್ನ ಹಾಗೆ ಮಾಡಿಸಿ ಅಂತ ಹೇಳಲ್ಲ. ಹನ್ನೆರಡು ಇಂಚಿನ ಗಾಲಿಯ ಛೋಟಾ ಹಾಥಿಯಂಥ ಗಾಡಿಗೆ ಬಾಡಿಯೇ ಚಿಕ್ಕದು, ಅದರಲ್ಲಿ ಒಂದು ಗೇಣು ಬಿಟ್ಟುಕೊಡುವುದು ದುಬಾರಿ. ಗಾಲಿಯೂ ಹಗುರ. ಅವರು ಅಡಿಯಲ್ಲೇ ಇಡಲಿ. ಆದರೆ ಹಿಂದಿನ ಗಾಲಿಗೂ ಸ್ಟೆಪ್ನಿಗೂ ನಡುವೆ ರಬ್ಬರ್ ಪರದೆ ಕಟ್ಟಿಸಲಿ, ಬೋಲ್ಟ್‌ಗೆ ಗ್ರೀಸ್ ಮೆತ್ತಿ ಮೇಲೆ ಟ್ಯೂಬಿನ ತುಂಡು ತೊಡಿಸಲಿ. ತಿಂಗಳಿಗೊಮ್ಮೆ ಗಾಡಿ ಖಾಲಿ ಇದ್ದಾಗ ಸ್ಟೆಪ್ನಿ ಇಳಿಸಿ, ತೊಳೆದು, ಗಾಳಿ ನೋಡಿ ಮತ್ತೆ ಏರಿಸಲಿ. ಮಳೆಗಾಲದಲ್ಲಿ ಎರೆ ಹೊಲಕ್ಕೆ ಹೋಗುವ ಬಾಡಿಗೆ ಬಂದರೆ ಆ ದಿನದ ಮಟ್ಟಿಗೆ ಗಾಲಿ ಮೇಲೆ ತಗೊಂಡು ಜಾಲಿಗೆ ಕಟ್ಟಿಬಿಡಲಿ.

ನನ್ನದರಲ್ಲೂ ಒಂದು ಕೆಲಸ ಬಾಕಿ ಇದೆ. ಉಳ್ಳಾಗಡ್ಡಿ ಸಿಪ್ಪೆ ಚೌಕಟ್ಟಿನ ಸಂದಿಯಿಂದ ಒಳಗೆ ಬಂದು ತಳದ ತೂತು ಮುಚ್ಚುತ್ತಿದೆ. ಅಡ್ಡಪಟ್ಟಿಗಳ ಮೇಲೆ ಕೋಳಿ ಜಾಲರಿ ಹೊಡೆಸಬೇಕು ಅಂತಿದ್ದೇನೆ.